ಕ್ಯಾಪ್ಟನ್ ಕಾಳೆಯ ಅಂಗಿ

ಪ್ರತಿ ಮನೆಯಲ್ಲೂ ಒಂದು ತಗಡಿನ ಡಬ್ಬಿ ಇರುತ್ತದೆ. ಮುಚ್ಚಳದ ಮೇಲೆ ಬಿಸ್ಕತ್ತಿನ ಚಿತ್ರ, ಒಳಗೆ ಬಿಸ್ಕತ್ತೊಂದನ್ನು ಬಿಟ್ಟು ಉಳಿದೆಲ್ಲ. ನಮ್ಮ ಹರಿಹರದ ಮನೆಯ ಡಬ್ಬಿಯಲ್ಲಿ ಗುಂಡಿಗಳಿವೆ, ತುಕ್ಕು ಹಿಡಿದ ಪಿನ್ನುಗಳಿವೆ, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಎರಡು ಕೀಲಿಕೈಗಳಿವೆ, ಅಪ್ಪನ ಕನ್ನಡಕದ ಒಂದು ಕಡ್ಡಿ ಇದೆ, ಮತ್ತೆ ಆರು ಕವಡೆ. ಮೊನ್ನೆ ಭಾನುವಾರ ಅವ್ವನ ಕುಪ್ಪಸಕ್ಕೆ ಹುಕ್ಕು ಹಚ್ಚಲೆಂದು ಡಬ್ಬಿ ತೆಗೆದವಳು, ಹುಕ್ಕು ಹುಡುಕುವುದು ಬಿಟ್ಟು ಕವಡೆ ಎಣಿಸುತ್ತ ಕೂತೆ. ಐದು ಬೆಳ್ಳಗೆ ನುಣ್ಣಗಿವೆ. ಒಂದರ ಹಲ್ಲಿನ ಸಂದಿಯಲ್ಲಿ ಮಾತ್ರ ಹಸಿರು ಕಲೆ ಇದೆ, ತಿಕ್ಕಿದರೂ ಹೋಗುವುದಿಲ್ಲ. ಅದು ಹೊಳೆ ನೋಡಿ ಬಂದ ಕವಡೆ.

ನಾನು ದಾವಣಗೆರೆಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ದೆವ್ವಗಳು ಪಠ್ಯಪುಸ್ತಕದಲ್ಲಿ ಬಂದರೆ ಅವುಗಳ ಮೇಲೆ ಹತ್ತು ಅಂಕದ ಪ್ರಶ್ನೆ ತೆಗೆಯುತ್ತೇನೆ, ಪಠ್ಯದ ಹೊರಗೆ ಬಂದರೆ ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಕವಡೆಯ ಕಥೆ ಕೇಳಿದ ಮೇಲೆ ನೀವು ನನ್ನನ್ನು ಇನ್ನೊಂದು ಥರ ನೋಡಬಹುದು.

ಕಥೆ ಶುರುವಾಗಬೇಕಾದದ್ದು ಅಪ್ಪನಿಂದ. ಅಪ್ಪ ದಾವಣಗೆರೆಯ ಒಂದು ಹತ್ತಿ ಅಂಗಡಿಯಲ್ಲಿ ಗುಮಾಸ್ತ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವವನು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ ಅವ್ವ ಕೆಲಸದಿಂದ ತಲೆ ಎತ್ತದೆ "ಬಂದ್ರಾ?" ಅನ್ನುವಳು. ಅಪ್ಪ "ಹೂಂ" ಅನ್ನುವನು. ಬಂದದ್ದು ಕಣ್ಣಿಗೆ ಕಾಣುತ್ತಿರುವಾಗ ಇದೇನು ಕೇಳುವುದು ಎಂದು ನಾನು ನಗುತ್ತಿದ್ದೆ. ಅವರ ಹದಿನೆಂಟು ವರ್ಷದ ಸಂಸಾರದಲ್ಲಿ ಒಂದು ದಿನವೂ ತಪ್ಪದ ಮಾತು ಅದೊಂದೇ.

ಮನೆಯಲ್ಲಿ ಮಾತು ಕಡಿಮೆಯಾಡುತ್ತಿದ್ದ ಅಪ್ಪ ಟಿವಿಯ ಮುಂದೆ ಮಾತ್ರ ಬೇರೆ ಮನುಷ್ಯ. ಆಗ ಟಿವಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಸೈನ್ಯದಿಂದ ಹೊರಬಿದ್ದ ನಾಲ್ಕು ಜನ ಒಂದು ವ್ಯಾನಿನಲ್ಲಿ ಊರೂರು ತಿರುಗುತ್ತ, ಕಷ್ಟದಲ್ಲಿರುವವರ ಪರವಾಗಿ ಬಾಡಿಗೆಗೆ ಹೊಡೆದಾಡಿ ಕೊಡುವವರು. ಸಾವಿರ ಗುಂಡು ಹಾರಿದರೂ ಒಬ್ಬನಿಗೂ ತರಚು ಗಾಯವಾಗುತ್ತಿರಲಿಲ್ಲ, ಜೀಪು ಮಾತ್ರ ಪಲ್ಟಿಯಾಗುತ್ತಿತ್ತು. ನಮಗ್ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಅಪ್ಪನಿಗೂ ಬರುತ್ತಿರಲಿಲ್ಲ. ಅದಕ್ಕೇ ಅವನು ಟಿವಿಯ ದನಿ ಪೂರ್ತಿ ಇಳಿಸಿ, ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಕೇಡಿಗಳಿಗೆಲ್ಲ ತನ್ನ ಅಂಗಡಿಯ ಸಾಹುಕಾರರ ಕೀರಲು ದನಿ. ಗುಂಪಿನ ನಾಯಕನಿಗೆ ಮಾತ್ರ ಬೇರೆಯದೇ ಒಂದು ದನಿ, ತಗ್ಗಿನದು, ಅವಸರವಿಲ್ಲದ್ದು. ಪ್ರತಿ ಕಥೆಯಲ್ಲೂ ಆ ನಾಯಕ ಬಾಗಿಲು ತಳ್ಳಿ ಒಳಗೆ ಬಂದು ಒಂದೇ ಮಾತು ಹೇಳುತ್ತಿದ್ದ: "ಹೆದರಬ್ಯಾಡ್ರಿ. ನಾವ್ ಬಂದೀವಿ." ಇಂಗ್ಲಿಷಿನಲ್ಲಿ ಅವನು ಏನು ಹೇಳುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ಹದಿಮೂರು ತುಂಬಿದ ವರ್ಷ ಅಪ್ಪ ತೀರಿಕೊಂಡ. ಮುಖ ನೆನಪಿಡಲು ಗೋಡೆಯ ಮೇಲೆ ಫೋಟೋ ಇತ್ತು. ದನಿ ನೆನಪಿಡಲು ಏನೂ ಇರಲಿಲ್ಲ. ಎರಡು ಮೂರು ವರ್ಷದಲ್ಲಿ ಅದು ನನ್ನ ಕಿವಿಯಿಂದ ಅಳಿಸಿಹೋಯಿತು, ಹೋದದ್ದು ಯಾವತ್ತೆಂದೂ ಗೊತ್ತಾಗಲಿಲ್ಲ.

ನನಗೊಬ್ಬ ಅಣ್ಣ, ಕೊಟ್ರೇಶ. ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನಿಗೆ ಚಿಕ್ಕಂದಿನಿಂದ ಉಗ್ಗು, ಅಪ್ಪ ಹೋದ ಮೇಲೆ ಅದು ಹೆಚ್ಚಾಯಿತು. ಎಲ್ಲಕ್ಕಿಂತ ಅವನಿಗೆ ಕಷ್ಟವಾದದ್ದು ಕಕಾರ. ತನ್ನ ಹೆಸರನ್ನೇ ತಾನು ಹೇಳಲಾರದವನಿಗೆ ಯಾವ ಸಂದರ್ಶನದಲ್ಲಿ ಕೆಲಸ ಸಿಗಬೇಕು? ಕೊನೆಗೆ ಗುತ್ತೂರಿನ ಸೋದರಮಾವ ಆ ಕಡೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಸೇರಿಸಿದರು. ನಟ್ಟು ಬೋಲ್ಟುಗಳ ನಡುವೆ ಬಾಯಿ ಬಿಡುವ ಅಗತ್ಯ ಇರಲಿಲ್ಲ. ಉಗ್ಗುವವರ ಜೊತೆ ಬದುಕುವವರಿಗೆ ಒಂದು ಅಭ್ಯಾಸ ಬಂದುಬಿಡುತ್ತದೆ ನೋಡಿ, ಅವರು ಬಾಯಿ ತೆರೆದ ಕೂಡಲೇ ನಾವು ಕಣ್ಣನ್ನು ನೆಲಕ್ಕೆ ಇಳಿಸುತ್ತೇವೆ. ಮರ್ಯಾದೆಗೆ ಎಂದುಕೊಳ್ಳುತ್ತೇವೆ. ಅವರಿಗೆ ಅದು ಇನ್ನೊಂದು ಪೆಟ್ಟು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ತೊಂಬತ್ತೆಂಟರ ಬೇಸಿಗೆ. ನಾನು ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದೆ. ಕಾಲೇಜಿನ ದಾರಿಯಲ್ಲೊಂದು ರದ್ದಿ ಅಂಗಡಿ. ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ಹೊರದೇಶದ ಹಾಸ್ಟೆಲ್ ಹುಡುಗರು ಹೊರಲಾರದ್ದನ್ನೆಲ್ಲ ಅಲ್ಲಿ ತೂಕಕ್ಕೆ ಹಾಕಿ ಹೋಗುತ್ತಿದ್ದರು. ಅಲ್ಲಿ ನನಗೊಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮುಖಪುಟದಲ್ಲಿ ನಾಲ್ಕು ಜನ, ಒಂದು ವ್ಯಾನು, ಹಿಂದೆ ಹೊಗೆ. ಕಾದಂಬರಿ ಇರಬೇಕೆಂದು ತಂದೆ. ನೋಡಿದರೆ ಅದೊಂದು ಆಟದ ಪುಸ್ತಕ, ಹಳೆಯ ಟಿವಿ ಧಾರಾವಾಹಿಗಳ ಬಾಡಿಗೆ ಸಿಪಾಯಿಗಳನ್ನು ನೆನೆದು ಮಾಡಿದ್ದು. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಬ್ಬೊಬ್ಬ ಸಿಪಾಯಿಯಾಗಿ, ಈಗ ನಾನು ಹೀಗೆ ಮಾಡುತ್ತೇನೆ, ಹೀಗೆ ಹೇಳುತ್ತೇನೆ ಎಂದು ಆ ಸಿಪಾಯಿಯ ಬಾಯಲ್ಲೇ ಮಾತಾಡಬೇಕು. ಗುಂಡು ತಾಗಿತೋ ತಪ್ಪಿತೋ ಎಂಬುದನ್ನು ದಾಳ ಹೇಳಬೇಕು. ಅದೂ ಹತ್ತು ಮುಖದ ದಾಳ. ಹತ್ತು ಮುಖದ್ದೆಂದರೆ ನಮಗೆ ಗೊತ್ತಿದ್ದವನು ರಾವಣ ಒಬ್ಬನೇ. ಏಳು ಮನೆಯ ಚೌಕಾಬಾರಕ್ಕೆಂದು ಅಜ್ಜಿ ಇಟ್ಟುಕೊಂಡಿದ್ದ ಆರು ಕವಡೆ ಡಬ್ಬಿಯಲ್ಲಿದ್ದವು, ನಾಲ್ಕು ಅಂಗಾತ ಬಿದ್ದರೆ ಗುಂಡು ತಾಗಿತು ಎಂದು ನಾವೇ ಕಟ್ಟಳೆ ಮಾಡಿಕೊಂಡೆವು.

ನಾವು ಅಂದರೆ ಮೂವರು. ಅಣ್ಣ, ನಾನು, ಪಕ್ಕದ ಮನೆಯ ನಸೀಮಾ. ನಸೀಮಾಳ ಅಪ್ಪ ದರ್ಜಿ, ಅವಳೂ ಹೊಲಿಗೆಯಲ್ಲಿ ಪಳಗಿದವಳು. ಎರಡೂ ಮನೆಯ ಮಾಳಿಗೆ ಒಂದಕ್ಕೊಂದು ಹತ್ತಿಕೊಂಡಿದ್ದವು. ಭಾನುವಾರ ಮಧ್ಯಾಹ್ನ ಊಟವಾಗಿ ಅವ್ವ ಒರಗಿದ ಮೇಲೆ ನಸೀಮಾ ಅಡ್ಡಗೋಡೆ ದಾಟಿ ನಮ್ಮ ಮಾಳಿಗೆಯ ಕೋಣೆಗೆ ಬರುವಳು. ಇಬ್ಬರು ಹುಡುಗಿಯರು, ಒಬ್ಬ ಗಂಡು ಹುಡುಗ, ಬಾಗಿಲು ಮುಂದೆ ಮಾಡಿದ ಕೋಣೆ. ಗೊತ್ತಾಗಿದ್ದರೆ ಎರಡೂ ಮನೆಯಲ್ಲಿ ಏನಾಗುತ್ತಿತ್ತೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ನಾನೂ ಅವಳೂ ಪಿಸುಮಾತಿನಲ್ಲೇ ಆಡುತ್ತಿದ್ದೆವು. ನಕ್ಷೆಯ ಮೇಲೆ ಮಂಡಕ್ಕಿ ಕಾಳುಗಳೇ ಶತ್ರುಗಳು. ಸತ್ತ ಶತ್ರುವನ್ನು ಹೊಡೆದವರು ತಿನ್ನಬೇಕು. ನಸೀಮಾ ಕೆಲವು ಸಲ ಬದುಕಿದ್ದವರನ್ನೂ ತಿಂದುಬಿಡುತ್ತಿದ್ದಳು.

ಅವಳು ಸಿಪಾಯಿಗಳ ವ್ಯಾನಿನ ಡ್ರೈವರ್. ಸೈಕಲ್ ಮುಟ್ಟಲೂ ಬಿಡದ ಮನೆಯ ಹುಡುಗಿ ಮರುಭೂಮಿಯಲ್ಲಿ ನೂರರ ವೇಗದಲ್ಲಿ ವ್ಯಾನು ಓಡಿಸಿದಳು. ಅಣ್ಣ ನಾಯಕ. ಹೆಸರು ಬರೆಯಲು ಹಾಳೆ ಕೊಟ್ಟರೆ ಅವನು ಬೇಕೆಂದೇ ಬರೆದ: ಕ್ಯಾಪ್ಟನ್ ಕಾಳೆ. ಎರಡು ಕಕಾರ! ನಾನೂ ನಸೀಮಾ ಮುಖ ಮುಖ ನೋಡಿಕೊಂಡೆವು. ಕಥೆ ನಡೆಸುವವಳು ನಾನು. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ತಾವು ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾರಲ್ಲ, ಹಾಗೆ ನಮ್ಮ ಆಟವೂ ನನ್ನ ಪ್ರಶ್ನೆಯಿಂದಲೇ ತೆರೆಯಬೇಕೆಂದು ಗೊತ್ತು ಮಾಡಿದೆ. "ಕ್ಯಾಪ್ಟನ್, ಎಲ್ಲಿದ್ದೀರಿ?" ಎಂದರೆ ಆಟ ಶುರು. "ಇವತ್ತಿಗೆ ಸಾಕು" ಎಂದು ನಾನು ಕವಡೆ ಆಯ್ದುಕೊಂಡರೆ ಆಟ ಮುಗಿಯಿತು, ಎಲ್ಲರೂ ಮತ್ತೆ ತಾವು ತಾವೇ. ನಡುವೆ ಯಾರೂ ತಾವಾಗಿ ಏಳುವಂತಿಲ್ಲ.

ಮೊದಲ ಭಾನುವಾರ ನಾನು ಕೇಳಿದೆ. ಅಣ್ಣ ಬಾಯಿ ತೆರೆದ. ನಾವಿಬ್ಬರೂ ರೂಢಿಯಂತೆ ಕಣ್ಣು ಕೆಳಗಿಳಿಸಿದೆವು.

"ಕ್ಯಾಪ್ಟನ್ ಕಾಳೆ. ಕೋಟೆ ಬಾಗಿಲಿಗೆ ಬಂದು ನಿಂತೀನಿ. ಒಳಗೆ ಎಷ್ಟು ಮಂದಿ ಅದಾರೆ, ಹೇಳು."

ನಸೀಮಾಳ ಮಂಡಕ್ಕಿ ಕೈಯಲ್ಲೇ ಉಳಿಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಮುಗ್ಗರಿಸಲಿಲ್ಲ. ತಗ್ಗಿನ ದನಿ, ಅವಸರವಿಲ್ಲದ್ದು. ಅಣ್ಣನ ಗಂಟಲಿನಿಂದಲೇ ಬಂದಿತ್ತು, ಆದರೆ ಅವನದಾಗಿರಲಿಲ್ಲ. ಖುಷಿಪಡಬೇಕಾದ ಹೊತ್ತಿನಲ್ಲಿ ನನಗೆ ಭಯವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಖುಷಿಯೂ ಆಯಿತು. ಆ ಬೇಸಿಗೆಯಷ್ಟು ನಾವು ಯಾವತ್ತೂ ನಕ್ಕಿರಲಿಲ್ಲ. ನಮ್ಮ ಸಿಪಾಯಿಗಳ ಹತ್ತಿರ ಕಷ್ಟ ಹೇಳಿಕೊಂಡು ಬರುವವರೆಲ್ಲ ಹೆಸರು ಮರೆಸಿಕೊಂಡ ನಾವೇ ಆಗಿದ್ದೆವು. ಓದು ಬಿಡಿಸುತ್ತಾರೆಂದು ಅಳುವ ಹುಡುಗಿ, ಮನೆಯ ಹೊಸಿಲು ದಾಟಲಾರದ ದರ್ಜಿಯ ಮಗಳು. ಒಮ್ಮೆ ಸಂದರ್ಶನದಲ್ಲಿ ನಗೆಪಾಟಲಾದ ಒಬ್ಬ ಯುವಕ ಬಂದ. ಕ್ಯಾಪ್ಟನ್ ಕಾಳೆ ಆ ಅಧಿಕಾರಿಗಳ ಕೋಣೆಗೇ ನುಗ್ಗಿ ಎಲ್ಲರನ್ನೂ ಎದ್ದು ನಿಲ್ಲಿಸಿ ಅರ್ಧ ಗಂಟೆ ಮಾತಾಡಿದ. ನಸೀಮಾ ಚಪ್ಪಾಳೆ ತಟ್ಟಲು ಹೋಗಿ, ನೆನಪಾಗಿ, ಕೈ ಕಚ್ಚಿಕೊಂಡಳು.

ಕಾರ್ಖಾನೆಯ ಯೂನಿಫಾರ್ಮಿಗೆ ತಂದು ಉಳಿದಿದ್ದ ಹಸಿರು ಬಟ್ಟೆಯಲ್ಲಿ ಅವಳೇ ಕ್ಯಾಪ್ಟನ್ನನಿಗೆ ಒಂದು ಅಂಗಿ ಹೊಲಿದಳು. ಎದೆಗೆ ಎರಡು, ಕೆಳಗೆ ಎರಡು ಜೇಬು. ಪ್ರತಿ ಜೇಬಿಗೂ ಮುಚ್ಚಳ, ಗುಂಡಿ. "ಕೊಟ್ರೇಶಣ್ಣ, ಈ ಅಂಗಿ ಹೊಳ್ಯಾಗೆ ಬಿದ್ರೂ ಜೇಬಿನಾಗಿಂದು ಹೊರಗ ಬರಂಗಿಲ್ಲ, ನೋಡ್ರಿ" ಎಂದಿದ್ದಳು. ಅವಳ ಹೊಲಿಗೆಯ ಜಂಬ ಅದು. ಆಗ ನಾವ್ಯಾರೂ ಆ ಮಾತಿಗೆ ಬೇರೆ ಅರ್ಥ ಹಚ್ಚಲಿಲ್ಲ.

ಅಂಗಿ ಬಂದ ಮೇಲೆ ಕೆಲವು ಸಂಗತಿ ನಡೆದವು. ಒಂದು ಭಾನುವಾರ ಮರುಭೂಮಿಯ ಕಥೆ. "ಕ್ಯಾಪ್ಟನ್, ಎಲ್ಲಿದ್ದೀರಿ?" ಅಂದೆ. ಅಣ್ಣ ಎತ್ತಲೋ ನೋಡುತ್ತ, "ಹೊಳೆ ದಂಡ್ಯಾಗೆ. ನೀರು ಮೊಣಕಾಲಮಟ ಐತೆ" ಅಂದ. ಈ ಕಥೆಯಲ್ಲಿ ಹೊಳೆಯೇ ಇಲ್ಲವಲ್ಲ ಎಂದು ನಾನು ಆಟ ನಿಲ್ಲಿಸಿ ಕೇಳಿದರೆ, "ನಾ... ನಾ ಏನಂದೆ?" ಎಂದು ನನ್ನನ್ನೇ ಕೇಳಿದ. ಇನ್ನೊಂದು ಸಂಜೆ ಅವ್ವ ಹಿತ್ತಲಲ್ಲಿದ್ದಳು, ನಾನು ಕೆಳಗೆ ಓದುತ್ತಿದ್ದೆ. ಮಾಳಿಗೆಯ ಕೋಣೆಯಿಂದ ಆ ದನಿ ಕೇಳಿತು. "ಹೆದರಬ್ಯಾಡ್ರಿ." ಅಣ್ಣ ಕೆಲಸದಿಂದ ಬಂದದ್ದು ಯಾವಾಗ ಎಂದುಕೊಂಡು ಮೇಲೆ ಹತ್ತಿದೆ. ಮೊಳೆಗೆ ನೇತುಹಾಕಿದ ಅಂಗಿ ಮಾತ್ರ ಮೆಲ್ಲಗೆ ತೂಗುತ್ತಿತ್ತು. ಕೆಳಗಿಳಿದು ಬರುವಷ್ಟರಲ್ಲಿ ಬೀದಿ ಬಾಗಿಲಲ್ಲಿ ಅಣ್ಣ ಸೈಕಲ್ ಒರಗಿಸುತ್ತಿದ್ದ. ಗಾಳಿಗೆ ತೂಗಿರಬಹುದು. ಕಿಟಕಿ ಮುಚ್ಚಿತ್ತು ಎಂಬುದನ್ನು ಇಲ್ಲಿ ಬರೆಯದಿದ್ದರೂ ನಡೆಯುತ್ತಿತ್ತು.

ಮೂರನೆಯದು ಆಗ ನನಗೆ ಸಂಗತಿ ಎನ್ನಿಸಲೇ ಇಲ್ಲ. ಪ್ರತಿ ಭಾನುವಾರ ಆಟ ಮುಗಿಸಿ ಇಳಿದು ಬಂದರೆ ಮೆಟ್ಟಿಲಿನ ಬುಡದಲ್ಲಿ ನಾಲ್ಕು ಅಕ್ಕಿ ಕಾಳು, ಒಂದಿಷ್ಟು ಹೊಟ್ಟು ಬಿದ್ದಿರುತ್ತಿತ್ತು. ಇಲಿಯ ಕೆಲಸ ಎಂದು ಗುಡಿಸಿ ಹಾಕುತ್ತಿದ್ದೆ.

ಆಷಾಢ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅವ್ವ ರೊಟ್ಟಿ ತಟ್ಟುತ್ತ, ನನ್ನ ಮುಖ ನೋಡದೆ ಅಂದಳು. "ಅಮಾಸಿಗೆ ಉಕ್ಕಡಗಾತ್ರಿಗೆ ಹೋಗಿ ಬರಣ. ಗುತ್ತೂರು ಮಾವನೂ ಬರ್ತಾನೆ. ನಿಮ್ಮಣ್ಣನ್ನ ಅಜ್ಜಯ್ಯನ ಮುಂದೆ ನಿಲ್ಲಿಸ್ಬೇಕು."

"ಯಾಕವ್ವ?"

"ಮಾಳಿಗಿ ಮ್ಯಾಲೆ ಕವಡಿ ನೋಡೀನಿ. ಅವ್ನ ಬಾಯಾಗೆ ಮಾತಾಡೋದು ಅವ್ನಲ್ಲ. ನೀನು ಅಲ್ಲೇ ಕೂತಿರ್ತಿ, ನಿನಗೆ ಗೊತ್ತಾಗಲ್ಲೇನು?"

ನಮ್ಮ ಕಡೆಯ ಓದುಗರಿಗೆ ಉಕ್ಕಡಗಾತ್ರಿಯ ವಿಷಯ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು. ಮೈಮೇಲೆ ಏನಾದರೂ ಬಂದವರನ್ನು ಕರೆದುಕೊಂಡು ಹೋಗುವುದು ಅಲ್ಲಿಗೆ, ಹೊಳೆಯ ದಂಡೆಯ ಅಜ್ಜಯ್ಯನ ಸನ್ನಿಧಿಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ನನಗೆ ಮೊದಲು ಹೊಳೆದದ್ದು ಅಣ್ಣನ ಗತಿಯಲ್ಲ, ನನ್ನದು. ಕೆಳಗೆ ಅವ್ವನಿಗೆ ಕೇಳಿದ್ದು ಒಂದೇ ದನಿ. ನಮ್ಮ ಪಿಸುಮಾತು ಇಳಿದಿರಲಿಲ್ಲ, ಕ್ಯಾಪ್ಟನ್ ಒಬ್ಬನ ಮಾತು ಇಳಿದಿತ್ತು. ಇದು ಆಟ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಟವೆಂದರೆ ನಸೀಮಾಳ ಹೆಸರು ಹೇಳಬೇಕು. ನಸೀಮಾಳ ಹೆಸರು ಹೇಳಿದರೆ ಅವಳ ಹೊಲಿಗೆಯೂ ನಿಲ್ಲುತ್ತದೆ, ನನ್ನ ಕಾಲೇಜೂ ನಿಲ್ಲುತ್ತದೆ. ನಾನು ರೊಟ್ಟಿ ತಿಂದು ರೈಲಿಗೆ ಹೋದೆ. ಹೇಡಿತನಕ್ಕೆ ಹೊಟ್ಟೆ ಹಸಿಯುವುದು ಕಡಿಮೆಯಾಗುವುದಿಲ್ಲ ಎಂದು ಅವತ್ತು ತಿಳಿಯಿತು.

ಅಣ್ಣನಿಗೆ ಹೇಳಿದೆ. ಅವನು ನಗಲಿಲ್ಲ, ಸಿಟ್ಟಾಗಲಿಲ್ಲ. "ಹೋ... ಹೋಗೋಣ ಬಿಡು" ಅಂದ. ಹೊರಡುವ ದಿನ ಆ ಹಸಿರು ಅಂಗಿಯನ್ನೇ ತೊಟ್ಟುಕೊಂಡು ಕೆಳಗಿಳಿದು ಬಂದ.

ಅಮಾವಾಸ್ಯೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿ ಇಳಿದರೆ ಕೆಂಪು ನೀರಿನ ಹೊಳೆ ದಂಡೆಗೆ ದಂಡೆ ತುಂಬಿ ಹರಿಯುತ್ತಿತ್ತು. ಮೋಡ ಕವಿದ ಮಧ್ಯಾಹ್ನ. ಗುಡಿಯ ಸುತ್ತ ತಲೆಗೂದಲು ಬಿಚ್ಚಿಕೊಂಡು ತೂಗುವವರು, ಕಂಬ ಹಿಡಿದು ಕೂಗುವವರು, ಅವರ ಹಿಂದೆ ಹಿಂದೆ ಸುಮ್ಮನೆ ಅಳುತ್ತ ನಡೆಯುವ ಮನೆಯವರು. ನನ್ನ ಪಕ್ಕದಲ್ಲೇ ಒಬ್ಬ ಹೆಂಗಸು ಗಂಡಸಿನ ದನಿಯಲ್ಲಿ ಯಾರದೋ ಹೆಸರು ಹಿಡಿದು ಕರೆದಳು. ಇಂಗ್ಲಿಷ್ ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ ಗಟ್ಟಿಯಾಗಿ ಅವ್ವನ ಸೆರಗು ಹಿಡಿದುಕೊಂಡಳು.

ಅಣ್ಣನ ಹಣೆಗೆ ವಿಭೂತಿ ಹಚ್ಚಿ, ಅವನ ಎದುರು ನಿಂತು ಕೇಳಿದ್ದು ಗುತ್ತೂರು ಮಾವ.

"ಯಾರು ನೀನು?"

ಸುತ್ತ ಐವತ್ತು ಜನ ತಿರುಗಿ ನೋಡಿದರು. ಅಣ್ಣ ನನ್ನನ್ನು ನೋಡಿದ. ನಾನು ಕಣ್ಣು ನೆಲಕ್ಕೆ ಇಳಿಸಿದೆ.

"ಕ್ಯಾಪ್ಟನ್ ಕಾಳೆ."

ತಗ್ಗಿನ ದನಿ. ಮಾವ ಒಂದು ಹೆಜ್ಜೆ ಹಿಂದೆ ಸರಿದರು. "ಎಲ್ಲಿಂದ ಬಂದೀಯ?"

"ಕರೆದಲ್ಲಿಂದ."

"ಇವನ ಹತ್ರ ಏನು ಬೇಕು ನಿನಗೆ?"

"ನನಗೇನೂ ಬ್ಯಾಡ. ಕಷ್ಟದಾಗೆ ಅದಾನೆ ಅಂತ ಬಂದೀನಿ. ಹೆದರಬ್ಯಾಡ್ರಿ."

ಮಾವ ದನಿ ಏರಿಸಿದರು. "ಯಾವಾಗ ಹೋಗ್ತಿ, ಅಜ್ಜಯ್ಯನ ಮುಂದೆ ಹೇಳು."

ಅಣ್ಣ ಮತ್ತೆ ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ಆಕಿ ಹೇಳಿದಾಗ."

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಹೇಳಬೇಕಾಗಿದ್ದ ಮಾತು ಯಾವುದೆಂದು ನಿಮಗೆ ಗೊತ್ತು. "ಇವತ್ತಿಗೆ ಸಾಕು." ಅಷ್ಟು ಅಂದಿದ್ದರೆ ಕ್ಯಾಪ್ಟನ್ ಅವತ್ತು ಎದ್ದು ಹೋಗಿ ಮುಂದಿನ ಭಾನುವಾರ ಬರುತ್ತಿದ್ದ. ಆದರೆ ಅವ್ವ ನನ್ನ ಭುಜ ಹಿಡಿದು ಅಳುತ್ತಿದ್ದಳು. "ಹೇಳವ್ವ. ಹೋಗು ಅನ್ನವ್ವ. ನೀನಂದ್ರೆ ಹೋಗ್ತಾರಂತೆ."

"ಹೋಗ್ರಿ" ಅಂದೆ.

ಅಣ್ಣನ ಮುಖದಲ್ಲಿ ಏನೋ ಆರಿತು. ಮೊಣಕಾಲೂರಿ ಕೂತ. ಮಾವ ಅವನನ್ನು ಎಬ್ಬಿಸಿ ಹೊಳೆಗೆ ಕರೆದೊಯ್ದರು. ಅಲ್ಲಿಯ ರೂಢಿ ಗೊತ್ತಲ್ಲ, ಪೀಡೆ ಬಿಟ್ಟವರು ಮುಳುಗಿ ಎದ್ದು ಮೈಮೇಲಿನ ಬಟ್ಟೆಯನ್ನು ಹೊಳೆಗೇ ಬಿಟ್ಟು ಬರುತ್ತಾರೆ. ಅಣ್ಣ ಅಂಗಿ ಕಳಚಿ, ಎದೆಯ ಜೇಬಿನಲ್ಲಿ ಏನೋ ಇಟ್ಟು, ಗುಂಡಿ ಹಾಕಿ, ನೀರಿಗೆ ಬಿಟ್ಟ. ತೋಳು ಅಗಲಿಸಿಕೊಂಡು ಅದು ಹೋಯಿತು.

ಬಸ್ಸಿನಲ್ಲಿ ಅಣ್ಣ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದ. ಹಿಂದೆ ತಿರುಗಿ ಮೆಲ್ಲಗೆ ಅಂದ. "ಅ... ಅಷ್ಟು ಮಂದಿ ಮುಂದೆ ಮಾ... ಮಾತಾಡಿದೆ ನೋಡು, ಶೈಲಾ." ಅವನು ಹೋಗೋಣ ಎಂದು ಯಾಕೆ ಒಪ್ಪಿದ್ದನೆಂದು ಆಗ ನನಗೆ ತಿಳಿಯಿತು. ಮನೆಯಲ್ಲಿ ಇಬ್ಬರು ಹುಡುಗಿಯರ ಮುಂದೆ ಆಡಿದ ಮಾತನ್ನು ಒಮ್ಮೆ ಲೋಕದ ಮುಂದೆ ಆಡಿ ನೋಡಬೇಕಿತ್ತು ಅವನಿಗೆ. ಕೊನೆಗೆ ತಂಗಿ ಸಾಕು ಅನ್ನುತ್ತಾಳೆ ಎಂದು ನಂಬಿದ್ದ.

ಅವ್ವ ನನ್ನ ಪಕ್ಕದಲ್ಲಿದ್ದಳು. ಊರು ಹತ್ತಿರ ಬಂದಾಗ ನನ್ನ ಕಿವಿಯಲ್ಲಿ ಹೇಳಿದಳು. "ಅದು ನಿಮ್ಮಪ್ಪನ ದನಿ ಕಣವ್ವ."

ನಾನು ತಿರುಗಿ ಅವಳ ಮುಖ ನೋಡಿದೆ.

"ಟಿವಿ ಮುಂದೆ ಮಾತಾಡ್ತಿದ್ರಲ್ಲ, ಅದೇ. ಮೂರು ತಿಂಗಳು ಕೇಳೀನಿ. ಐತವಾರ ಬಂತಂದ್ರೆ ಮೊರ ತಗಂಡು ಮೆಟ್ಟಿಲತ್ರ ಕೂತುಬಿಡ್ತಿದ್ದೆ. ಅಕ್ಕಿ ಆರಿಸ್ತ ಕೇಳ್ತಿದ್ದೆ. ಬಂದ್ರಾ ಅಂತ ಕೇಳಾಕ ಬಾಯಿಗೆ ಬರ್ತಿತ್ತು."

"ಮತ್ತ್ಯಾಕ ಕಳಿಸ್ದೆ?"

"ಹೋದವರು ಹೋಗ್ಬೇಕು. ಇದ್ದೊಬ್ಬ ಮಗನ್ನ ಜತಿಗೆ ಕರ್ಕಂಡು ಹೋದ್ರೆ ಏನ್ ಮಾಡ್ಲಿ?" ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇವತ್ತು ಎಲ್ರೂ ಮನಿಯಾಗೆ ಗಂಡನ ಪಾದ ತೊಳೀತಾರೆ. ನಾನು ಕಳಿಸಿ ಬಂದೆ."

ಆ ಅಮಾವಾಸ್ಯೆ ಗಂಡನ ಪೂಜೆಯ ಅಮಾವಾಸ್ಯೆ. ನನಗೆ ನೆನಪೇ ಇರಲಿಲ್ಲ. ಅಪ್ಪನ ದನಿಯನ್ನು ನಾನು ಮರೆತಿದ್ದೆ, ಅಣ್ಣ ಮರೆತಿರಲಿಲ್ಲ. ತನ್ನ ದನಿ ಸಾಲದಿದ್ದಾಗ ಅವನು ಅಪ್ಪನದನ್ನು ತೊಟ್ಟುಕೊಂಡಿದ್ದ, ಬಹುಶಃ ತನಗೂ ಗೊತ್ತಿಲ್ಲದೆ. ಅವ್ವ ತಪ್ಪು ಕೇಳಿರಲಿಲ್ಲ. ಆ ದನಿಗೆ ಹೋಗ್ರಿ ಅಂದವಳು ನಾನು.

ಮುಂದಿನ ಭಾನುವಾರ ನಸೀಮಾ ಅಡ್ಡಗೋಡೆ ದಾಟಿ ಬಂದಳು. ಡಬ್ಬಿ ತೆಗೆದರೆ ಐದೇ ಕವಡೆ. ಐದರಲ್ಲೇ ಆಡೋಣ ಎಂದು ಕೂತೆವು. "ಕ್ಯಾಪ್ಟನ್, ಎಲ್ಲಿದ್ದೀರಿ?" ಅಂದೆ. ಅಣ್ಣ ಬಾಯಿ ತೆರೆದ. "ಕ್... ಕ್..." ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಮತ್ತೊಮ್ಮೆ ಯತ್ನಿಸಿದ. ಆಮೇಲೆ ಎದ್ದು ಕೆಳಗಿಳಿದು ಹೋದ. ಆಟದ ನಡುವೆ ತಾನಾಗಿ ಎದ್ದದ್ದು ಅದೊಂದೇ ಸಲ. ನಸೀಮಾ ಮಂಡಕ್ಕಿಯನ್ನೆಲ್ಲ ಒಂದು ಕಾಗದಕ್ಕೆ ಸುರಿದು ಮಡಚಿದಳು, ತಿನ್ನಲಿಲ್ಲ. ಅವಳು ಮದುವೆಯಾಗಿ ಬಳ್ಳಾರಿಗೆ ಹೋಗುವವರೆಗೂ ನಾವಿಬ್ಬರು ಆ ಮಾತೆತ್ತಲಿಲ್ಲ.

ಮರುದಿನ ಸಂಜೆ ಹೊಳೆ ಬಂದಿದೆ ಎಂದು ಊರೆಲ್ಲ ನೋಡಲು ಹೊರಟಿತ್ತು. ತುಂಬಿದ ಹೊಳೆ ನೋಡುವುದು ಹರಿಹರದವರ ಚಟ. ನೀರು ಏನೇನು ತಂದಿದೆ ಎಂದು ಎಣಿಸುತ್ತ ಸೇತುವೆಯ ಮೇಲೆ ನಿಲ್ಲುತ್ತಾರೆ. ನಾನು ಜನರಿಂದ ತಪ್ಪಿಸಿಕೊಂಡು ಕೆಳಗಿನ ಹಳೆಯ ಮೆಟ್ಟಿಲ ಹತ್ತಿರ ಹೋದೆ. ಅಲ್ಲಿ ಅದು ನಿಂತಿತ್ತು. ಬಿದ್ದಿತ್ತು ಅನ್ನಬೇಕು, ಆದರೆ ಕಲ್ಲಿಗೆ ಸಿಕ್ಕಿಕೊಂಡು, ಕೊರಳು ಮೇಲಾಗಿ, ತೋಳು ಎರಡೂ ಕಡೆ ಇಳಿಬಿಟ್ಟುಕೊಂಡು, ಮೊಣಕಾಲಮಟ ನೀರಿನಲ್ಲಿ ಹಸಿರು ಅಂಗಿ ನಿಂತೇ ಇತ್ತು. ಉಕ್ಕಡಗಾತ್ರಿಯಿಂದ ಹರಿಹರಕ್ಕೆ ನೀರು ಬರಲು ಎಷ್ಟು ಹೊತ್ತು? ನಡುವಿನ ಇಷ್ಟು ದಿನ ಅದು ಎಲ್ಲಿ ತಂಗಿತ್ತೋ.

ಎದೆಯ ಜೇಬಿನ ಗುಂಡಿ ಹಾಗೇ ಇತ್ತು. ಬಿಚ್ಚಿದೆ. ಒಳಗೆ ಆರನೆಯ ಕವಡೆ. ನಸೀಮಾಳ ಹೊಲಿಗೆ ಮಾತು ಉಳಿಸಿಕೊಂಡಿತ್ತು.

ಆ ಅಂಗಿ ಹಿಂಡಿ, ಮನೆಗೊಯ್ದು, ಒಣಗಿಸಿ ಅಣ್ಣನಿಗೆ ಕೊಡಬಹುದಿತ್ತು. ಹಿಂದಿನ ದಿನವಷ್ಟೇ ಅವನ ಕತ್ತಿನ ನರ ಉಬ್ಬಿದ್ದನ್ನು ನೋಡಿದವಳು ನಾನು. ಕೈ ಮುಂದೆ ಮಾಡಿದ್ದೂ ಹೌದು. ಅಷ್ಟರಲ್ಲಿ ನೀರಿನ ಸೆಳೆತಕ್ಕೆ ಅದರ ತೋಳು ಬಂದು ನನ್ನ ಮುಂಗೈ ಸುತ್ತಿತು. ತಣ್ಣಗಿತ್ತು. ಸೆಳೆತ ಎಂದು ಗೊತ್ತಿತ್ತು, ನನಗೆ ಎಲ್ಲವೂ ಗೊತ್ತಿತ್ತು. ಕೈ ಕಿತ್ತುಕೊಂಡು, ಅಲ್ಲೇ ಬಿದ್ದಿದ್ದ ಒಂದು ಕೋಲು ತೆಗೆದು, ಆ ಅಂಗಿಯನ್ನು ಕಲ್ಲಿನಿಂದ ಬಿಡಿಸಿ ನಡುನೀರಿಗೆ ತಳ್ಳಿದೆ. ಸೇತುವೆಯ ಕಂಬಗಳ ನಡುವೆ ಅದು ಒಮ್ಮೆ ತಿರುಗಿ, ಹೋಯಿತು. ಮನೆಗೆ ಬಂದು ಕವಡೆಯನ್ನು ಡಬ್ಬಿಯ ಅಡಿಯಲ್ಲಿ ಹಾಕಿ ಗುಂಡಿಗಳನ್ನು ಮೇಲೆ ಸುರಿದೆ. ಇದನ್ನು ಯಾರಿಗೂ ಹೇಳಲಿಲ್ಲ. ನಿಮಗೇ ಮೊದಲು.

ಇಷ್ಟೆಲ್ಲ ನೆನೆಯುತ್ತ ಮೊನ್ನೆ ಕವಡೆ ಹರವಿಕೊಂಡು ಕೂತಿದ್ದೆ ಅಂದೆನಲ್ಲ. ಅತ್ತಿಗೆ ತವರಿಗೆ ಹೋಗಿದ್ದಳು. ಅವ್ವ ಒಳಮನೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು, ಆ ಸರಸರ ಸದ್ದು ಕೇಳುತ್ತಿತ್ತು. ಅಣ್ಣ ಅಂಗಡಿ ಮುಚ್ಚಿ ಊಟಕ್ಕೆ ಬಂದ. ಈಗ ಅವನದೇ ಒಂದು ನಟ್ಟು ಬೋಲ್ಟಿನ ಅಂಗಡಿ ಇದೆ. ಗಿರಾಕಿ ಚೀಟಿ ತರುತ್ತಾರೆ, ಅವನು ಸಾಮಾನು ಕೊಡುತ್ತಾನೆ. ಕೂದಲು ಬೆಳ್ಳಗಾಗಿದೆ. ಗೋಡೆಯ ಮೇಲಿನ ಫೋಟೋದ ವಯಸ್ಸನ್ನು ಅವನು ದಾಟಿ ಬಹಳ ವರ್ಷವಾಯಿತು.

ಚಪ್ಪಲಿ ಕೈಯಲ್ಲೇ ಹಿಡಿದು ನನ್ನ ಮುಂದೆ ಬಗ್ಗಿ ನೋಡಿದ. ಬೆರಳಿನಿಂದ ಒಂದೊಂದೇ ಮುಟ್ಟಿದ. ಹಸಿರು ಕಲೆಯ ಕವಡೆಯ ಮೇಲೆ ಬೆರಳು ನಿಂತಿತು.

"ಆ... ಆರು ಅದಾವಲ್ಲ."

"ಹೂಂ" ಅಂದೆ.

ಎಲ್ಲಿಂದ ಬಂತು ಎಂದು ಅವನು ಕೇಳಲಿಲ್ಲ. ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತ, ಮಾಳಿಗೆಯ ಕೋಣೆಯಲ್ಲಿ ಕೂರುತ್ತಿದ್ದ ಹಾಗೆ, ಬೆನ್ನು ನೆಟ್ಟಗೆ. ಕಾಯುತ್ತಿದ್ದ. ಏನನ್ನು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ನಲವತ್ತು ದಾಟಿದ ಉಪನ್ಯಾಸಕಿ, ಮಟಮಟ ಮಧ್ಯಾಹ್ನ, ಸ್ವಂತ ಅಣ್ಣನ ಮುಂದೆ ಪಿಸುಮಾತಿನಲ್ಲಿ ಕೇಳಿದೆ.

"ಕ್ಯಾಪ್ಟನ್, ಎಲ್ಲಿದ್ದೀರಿ?"

ಈ ಸಲ ಕಣ್ಣು ಇಳಿಸಲಿಲ್ಲ. ಅವನ ಮುಖವನ್ನೇ ನೋಡಿದೆ.

"ಹೊಳ್ಯಾಗೇ ಅದೀನಿ. ನೀನು ಕೋಲು ತಗಂಡು ತಳ್ಳಿದ್ಯಲ್ಲ, ಅಲ್ಲೇ."

ಎಲ್ಲೂ ತಡೆಯಲಿಲ್ಲ. ತಗ್ಗಿನ ದನಿ, ಅವಸರವಿಲ್ಲದ್ದು. ಅವತ್ತು ಸೇತುವೆಯ ಮೇಲೆ ಜನ ಇದ್ದರು, ಯಾರಾದರೂ ನೋಡಿ ಹೇಳಿರಬಹುದು. ಅವನೇ ನೋಡಿರಬಹುದು. ಕೇಳಿಬಿಡಬೇಕೆಂದು ಬಾಯಿ ತೆರೆದೆ.

ಒಳಮನೆಯಲ್ಲಿ ಮೊರದ ಸದ್ದು ನಿಂತಿತು.

"ಬಂದ್ರಾ?" ಅಂದಳು ಅವ್ವ.

ಅಣ್ಣ ನನ್ನನ್ನು ನೋಡಿದ, ಅಜ್ಜಯ್ಯನ ಮುಂದೆ ನೋಡಿದ ಹಾಗೆಯೇ.

"ಹೂಂ ಅನ್ರಿ, ಕ್ಯಾಪ್ಟನ್" ಅಂದೆ.